ಎರಡನೇ ಬೆಳೆ ಇಲ್ಲದ ವರ್ಷ

ಬಾಲ್ಯ, ಯೌವನ, ಮುಪ್ಪು ಎಂದು ಬಾಳಿನ ಹಂತಗಳಿಗೆ ನಮ್ಮ ಹಿರಿಯರು ಹೆಸರಿಟ್ಟಿದ್ದಾರೆ. ಆದರೆ ಮೂವತ್ತರಿಂದ ನಲವತ್ತರವರೆಗಿನ ಹತ್ತು ವರ್ಷಗಳಿಗೆ ಪ್ರತ್ಯೇಕವಾದ ಹೆಸರೊಂದಿಲ್ಲ. ಯುವಕರ ಕೂಟಕ್ಕೆ ಹೋದರೆ ನಮ್ಮನ್ನು ಹಿರಿಯರೆಂದು ಕುರ್ಚಿ ಕೊಟ್ಟು ಕೂರಿಸುತ್ತಾರೆ. ಹಿರಿಯರ ನಡುವೆ ಮಾತೆತ್ತಿದರೆ ‘ನಿನಗಿನ್ನೂ ಅನುಭವ ಸಾಲದು’ ಎನ್ನುತ್ತಾರೆ. ಸರ್ಕಾರಿ ಹುದ್ದೆಗಳ ವಯೋಮಿತಿ ಮೀರುವುದೂ ಈ ವರ್ಷಗಳಲ್ಲೇ, ಕನ್ನಡಿಯಲ್ಲಿ ಮೊದಲ ಬಿಳಿಗೂದಲು ಕಾಣುವುದೂ ಈ ವರ್ಷಗಳಲ್ಲೇ, ಮಗನ ಶಾಲಾ ಶುಲ್ಕದ ಚೀಟಿಯೂ ತಾಯಿಯ ಔಷಧಿಯ ಚೀಟಿಯೂ ಒಂದೇ ಜೇಬಿನಲ್ಲಿ ಸೇರುವುದೂ ಈ ವರ್ಷಗಳಲ್ಲೇ.

ಇಪ್ಪತ್ತರ ಹರೆಯದಲ್ಲಿ ಸೋಲು ಬಂದರೆ ಅದು ಬಹುಮಟ್ಟಿಗೆ ನಮ್ಮೊಬ್ಬರದೇ ಆಗಿರುತ್ತದೆ. ನಾಲ್ಕು ದಿನ ಗೆಳೆಯನ ಕೋಣೆಯಲ್ಲಿ ಮಲಗಿ ಎದ್ದರೆ ಮುಗಿಯಿತು. ಮೂವತ್ತರ ನಂತರದ ಸೋಲು ಹಾಗಲ್ಲ. ಅದು ಮನೆಯ ಎಲ್ಲರ ತಟ್ಟೆಗೂ ಹಂಚಿಕೆಯಾಗುತ್ತದೆ. ನನಗೀಗ ಮೂವತ್ತೇಳು. ಕಳೆದ ಕೆಲವು ವರ್ಷಗಳಲ್ಲಿ ಎಮ್ಮಿಗನೂರಿನ ನಮ್ಮ ಮನೆಯು ಕಂಡ ಏಳುಬೀಳುಗಳನ್ನು ನೆನೆದಾಗ ನನ್ನಲ್ಲಿ ಹುಟ್ಟಿದ ಕೆಲವು ವಿಚಾರಗಳನ್ನು ಓದುಗರೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ನಾನು ಕೆಲವು ಕಾಲ ತೋರಣಗಲ್ಲಿನ ಸಮೀಪ ಒಂದು ಗುತ್ತಿಗೆ ಸಂಸ್ಥೆಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. 2020ರಲ್ಲಿ ಕೊರೊನಾ ಬಂತು. ಸಂಸ್ಥೆ ಬಾಗಿಲು ಹಾಕಿತು. ಎರಡು ತಿಂಗಳ ಸಂಬಳ ಕೊನೆಗೂ ಕೈಸೇರಲಿಲ್ಲ. ಆಗ ತಂದೆಯವರು ಬಿಟ್ಟುಹೋದ ಮೂರು ಎಕರೆಗೆ ಮರಳಿದೆ. ಅದು ಸಾಲದೆಂದು ಪಕ್ಕದ ಎರಡು ಎಕರೆಯನ್ನು ಗುತ್ತಿಗೆಗೆ ಪಡೆದೆ. ನಮ್ಮ ಭಾಗದಲ್ಲಿ ಭೂಮಿಯ ಲೆಕ್ಕವೆಲ್ಲ ತುಂಗಭದ್ರೆಯ ನೀರಿನ ಲೆಕ್ಕವೇ. ಮುಂಗಾರಿಗೆ ಒಂದು ಭತ್ತ, ಬೇಸಿಗೆಗೆ ಇನ್ನೊಂದು ಭತ್ತ. ಮೊದಲನೆಯದು ಸಾಲ ತೀರಿಸಿದರೆ ಎರಡನೆಯದು ಮನೆಯನ್ನು ನಡೆಸುತ್ತದೆ. ಮದುವೆ, ಮನೆಕಟ್ಟುವಿಕೆ, ಮಕ್ಕಳ ಓದು ಎಲ್ಲವೂ ಆ ಎರಡನೇ ಬೆಳೆಯ ಹೆಸರಿನಲ್ಲೇ ನಿಶ್ಚಯವಾಗುತ್ತವೆ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಜಲಾಶಯದ 19ನೇ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯ ಅದು. ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ನಾಟಿ ಮಾಡಿದ ಗದ್ದೆಯ ಬದುವಿನ ಮೇಲೆ ನಿಂತು, ನಮ್ಮ ಪಾಲಿನ ನೀರು ನದಿಯಲ್ಲಿ ಹರಿದುಹೋಗುವ ಸುದ್ದಿಯನ್ನು ಮೊಬೈಲಿನಲ್ಲಿ ಕೇಳುವುದು ವಿಚಿತ್ರವಾದ ಸಂಕಟ. ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಗಳನ್ನು ಒಂದರ ಮೇಲೊಂದರಂತೆ ಇಳಿಸಿ ಒಂದು ವಾರದೊಳಗೆ ಆ ಬಾಯಿಯನ್ನು ಮುಚ್ಚಿದರು. ಅನಂತರ ಮಳೆ ಬಂದು ಜಲಾಶಯ ಮತ್ತೆ ತುಂಬಿತು. ಕಷ್ಟ ಕಳೆಯಿತೆಂದು ನಾವು ನಿಟ್ಟುಸಿರು ಬಿಟ್ಟೆವು.

ಆದರೆ ಕೆಲವು ಕಷ್ಟಗಳು ಸದ್ದು ಮಾಡಿದ ದಿನ ಬಾರದೆ, ದುರಸ್ತಿಯ ದಿನ ಬರುತ್ತವೆ. ಒಂದು ಗೇಟು ಹೋದ ಮೇಲೆ ಉಳಿದ ಗೇಟುಗಳ ಪರೀಕ್ಷೆಯೂ ನಡೆಯಿತು. ಒಟ್ಟು 33 ಗೇಟುಗಳನ್ನೂ ಬದಲಿಸಬೇಕೆಂಬ ತೀರ್ಮಾನವಾಯಿತು. 2025ರ ಮಳೆಗಾಲದಲ್ಲಿ ಮುನ್ನೆಚ್ಚರಿಕೆಯಾಗಿ ನೀರಿನ ಸಂಗ್ರಹವನ್ನೇ ಮಿತಿಗೊಳಿಸಿದರು. ಆ ವರ್ಷ ಎರಡನೇ ಬೆಳೆಗೆ ನೀರಿಲ್ಲವೆಂದು ನವೆಂಬರಿನಲ್ಲಿ ಪ್ರಕಟವಾಯಿತು. ಕಾರಣ ನ್ಯಾಯವಾದುದೇ. 1953ರಿಂದ ನೀರು ಕೊಡುತ್ತ ಬಂದ ಅಣೆಕಟ್ಟು ಅದು. ಎಪ್ಪತ್ತು ವರ್ಷ ದುಡಿದ ಉಕ್ಕಿಗೆ ವಿಶ್ರಾಂತಿ ಬೇಕೆನ್ನುವುದನ್ನು ಯಾರೂ ಅಲ್ಲಗಳೆಯಲಾರರು. ಆದರೂ ನ್ಯಾಯವಾದ ಕಾರಣವು ಅಂಗಡಿಯವನ ಬಾಕಿಯನ್ನು ತೀರಿಸುವುದಿಲ್ಲ.

ನಮ್ಮ ಮನೆಯ ಮುಂದೆ ನಿಜವಾದ ಪ್ರಶ್ನೆ ನಿಂತದ್ದು ಗುತ್ತಿಗೆಯ ಹಣದ ವಿಷಯದಲ್ಲಿ. ಆ ಎರಡು ಎಕರೆಯ ಒಡತಿ ಒಬ್ಬ ವಿಧವೆ, ಎಪ್ಪತ್ತು ದಾಟಿದವರು. ಗುತ್ತಿಗೆಯನ್ನು ನಿಗದಿ ಮಾಡಿದ್ದು ವರ್ಷಕ್ಕೆ ಎರಡು ಬೆಳೆಯ ಲೆಕ್ಕದಲ್ಲಿ. ಬೆಳೆ ಒಂದೇ ಆದಾಗ ಗುತ್ತಿಗೆ ಎಷ್ಟು? ‘ಅರ್ಧ ಕೊಟ್ಟರೆ ಸಾಕು, ಊರಿನಲ್ಲಿ ಎಲ್ಲರೂ ಹಾಗೆಯೇ ಕೇಳುತ್ತಿದ್ದಾರೆ’ ಎಂದು ನನ್ನ ಗೆಳೆಯರು ಹೇಳಿದರು. ಮಾತು ತಪ್ಪಲ್ಲ. ನಾನು ಹೋಗಿ ಕುಳಿತಾಗ ಆ ತಾಯಿಯೇ, ‘ಬೆಳೆ ಇಲ್ಲದ ಮೇಲೆ ನಿನ್ನಿಂದ ಹೇಗೆ ತೆಗೆದುಕೊಳ್ಳಲಿ, ಅರ್ಧವೇ ಕೊಡು’ ಎಂದರು. ಆದರೆ ಮಾತಿನ ನಡುವೆ ಅವರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎರಡು ತುಂಡು ಮಾಡಿ ಒಂದನ್ನು ಕಾಗದದಲ್ಲಿ ಸುತ್ತಿ ಇಡುವುದನ್ನು ನನ್ನ ಹೆಂಡತಿ ಗಮನಿಸಿದಳು.

ಆ ರಾತ್ರಿ ನಾವಿಬ್ಬರೂ ಬಹಳ ಹೊತ್ತು ಮಾತನಾಡಿದೆವು. ನಮ್ಮ ನಷ್ಟ ನಮಗೆ ದೊಡ್ಡದು. ಆದರೆ ಅದನ್ನು ಇಳಿಸಿದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ, ಇನ್ನೊಬ್ಬರ ಮನೆಯಲ್ಲಿ ಹೋಗಿ ಕೂರುತ್ತದೆ. ಕೊನೆಗೆ ಮುಕ್ಕಾಲು ಪಾಲು ಕೊಡುವುದೆಂದು ನಿಶ್ಚಯಿಸಿದೆವು. ಅದರಲ್ಲಿ ಅರ್ಧವನ್ನು ಕೂಡಲೆ, ಉಳಿದುದನ್ನು ತಿಂಗಳು ತಿಂಗಳೂ, ಅವರ ಔಷಧಿ ತರುವ ದಿನಕ್ಕೆ ಸರಿಯಾಗಿ. ಹೆಂಡತಿ ಹೊಲಿಗೆಯ ಕೆಲಸವನ್ನು ಹೆಚ್ಚಿಸಿಕೊಂಡಳು. ನಾನು ಕಂಪ್ಲಿಯ ಒಂದು ಅಂಗಡಿಯಲ್ಲಿ ಸಂಜೆಯ ಲೆಕ್ಕ ಬರೆಯಲು ಹೋದೆ. ಇದರಲ್ಲಿ ತ್ಯಾಗವೆಂಬ ದೊಡ್ಡ ಪದಕ್ಕೆ ಎಡೆಯಿಲ್ಲ. ಹೊರೆಯನ್ನು ಇಬ್ಬರು ಹೊತ್ತರೆ ಯಾರ ಬೆನ್ನೂ ಮುರಿಯುವುದಿಲ್ಲವೆಂಬ ಲೆಕ್ಕವಷ್ಟೆ.

ಆ ದಿನಗಳಲ್ಲಿ ಊರಿನ ಹಿರಿಯರೊಬ್ಬರು ಹೇಳಿದ ಸಂಗತಿ ನನ್ನನ್ನು ಯೋಚನೆಗೆ ಹಚ್ಚಿತು. ತುಂಗಭದ್ರಾ ಯೋಜನೆಯನ್ನು ರೂಪಿಸಿದವರು ಬರಗಾಲದ ಈ ಸೀಮೆಯ ಆದಷ್ಟು ಹೆಚ್ಚು ಭೂಮಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಿಸಬೇಕೆಂದು ಬಯಸಿದ್ದರು. ಜೋಳ, ಶೇಂಗಾ, ಹತ್ತಿಯಂಥ ಮಿತನೀರಾವರಿ ಬೆಳೆಗಳಿಗೇ ಹೆಚ್ಚಿನ ಭೂಮಿ ಮೀಸಲಾಗಿತ್ತು. ಭತ್ತದ ಆಸೆ ಬೆಳೆದಂತೆ ಕಾಲುವೆಯ ತಲೆಭಾಗದಲ್ಲಿ ನೀರು ನಿಂತು ಎಷ್ಟೋ ಭೂಮಿ ಸವುಳಾಯಿತು. ಕೊನೆಯ ಭಾಗದ ರೈತರು ಒಣ ಕಾಲುವೆಯನ್ನು ನೋಡುತ್ತ ಉಳಿದರು. ಜಲಾಶಯವಾದರೂ ಹಾಗೆಯೇ ಇದೆಯೇ? ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಅದರ ಒಡಲಲ್ಲಿ ಹೂಳು ತುಂಬಿ, ಈಗ ಹಿಡಿಯುವುದು ಸುಮಾರು 105 ಟಿಎಂಸಿ.

ಮೂವತ್ತರ ವಯಸ್ಸಿನ ನಮ್ಮನ್ನು ಈ ಮಾತಿನ ಬೆಳಕಿನಲ್ಲಿ ನೋಡಬಹುದೆಂದು ನನಗೆ ತೋರುತ್ತದೆ. ಗೇಟು ಕೊಚ್ಚಿಹೋಗುವಂಥ ಆಘಾತವನ್ನು ಎಲ್ಲರೂ ಕಾಣುತ್ತಾರೆ; ನೆರೆಯವರು ಬರುತ್ತಾರೆ, ಸಮಾಧಾನ ಹೇಳುತ್ತಾರೆ. ಹೂಳು ಮಾತ್ರ ಯಾರ ಕಣ್ಣಿಗೂ ಬೀಳದೆ ದಿನದಿನವೂ ತುಂಬುತ್ತದೆ. ಓದಿದ ಗೆಳೆಯ ಬೆಂಗಳೂರಿನಲ್ಲಿ ಮನೆ ಕೊಂಡನೆಂಬ ಸುದ್ದಿ, ನೆಂಟರ ಮದುವೆಯಲ್ಲಿ ‘ಈಗ ಏನು ಮಾಡಿಕೊಂಡಿದ್ದೀಯಪ್ಪ’ ಎಂಬ ಪ್ರಶ್ನೆ, ಮಗನಿಗೆ ಸೈಕಲ್ ಮುಂದಿನ ವರ್ಷ ಎಂದು ಮೂರನೆಯ ಸಲ ಹೇಳುವಾಗಿನ ಮೌನ, ಇವೆಲ್ಲ ಆ ಹೂಳು. ಒಬ್ಬನೇ ಮುಚ್ಚಿಟ್ಟುಕೊಂಡಷ್ಟೂ ಮನಸ್ಸಿನಲ್ಲಿ ಸಂತೋಷಕ್ಕೆ ಉಳಿಯುವ ಜಾಗ ಕಿರಿದಾಗುತ್ತದೆ. ಅಣೆಕಟ್ಟಿನ ಹೂಳೆತ್ತುವುದು ಸುಲಭವಲ್ಲವಂತೆ. ಮನೆಯ ಹೂಳನ್ನಾದರೋ ಊಟದ ಹೊತ್ತಿನ ಬಿಚ್ಚುಮನಸ್ಸಿನ ಮಾತು ಅಷ್ಟಿಷ್ಟು ಎತ್ತಬಲ್ಲದು. ಎರಡನೇ ಬೆಳೆ ಇಲ್ಲವೆಂಬ ಸುದ್ದಿಯನ್ನು ಮಕ್ಕಳ ಮುಂದೆಯೇ ಮಾತನಾಡಿದೆವು. ಸೈಕಲ್ಲಿನ ಮಾತನ್ನು ಮಗ ತಾನಾಗಿಯೇ ಬಿಟ್ಟ. ಬದಲಾಗಿ, ಗದ್ದೆಯಲ್ಲಿ ಈಗ ಏನು ಬಿತ್ತುತ್ತೀರೆಂದು ಕೇಳಿದ.

ಆ ಪ್ರಶ್ನೆಗೆ ಉತ್ತರವಾಗಿ ಭತ್ತ ಕೊಯ್ದ ಕಪ್ಪು ಮಣ್ಣಿನಲ್ಲಿ ಉಳಿದಿದ್ದ ತೇವವನ್ನೇ ನಂಬಿ ಎರಡು ಎಕರೆಗೆ ಕಡಲೆ ಬಿತ್ತಿದೆವು. ಬಿತ್ತನೆ ತಡವಾದುದರಿಂದ ಇಳುವರಿ ಹೆಚ್ಚೇನೂ ಬರಲಿಲ್ಲ. ಭತ್ತದ ಆದಾಯಕ್ಕೆ ಅದನ್ನು ಹೋಲಿಸುವಂತೆಯೇ ಇಲ್ಲ. ಆದರೆ ಕಡಲೆಯ ಬೇರು ನೆಲಕ್ಕೆ ಸಾರಜನಕವನ್ನು ಬಿಟ್ಟುಹೋಗುತ್ತದೆ. ಸದಾ ನೀರಿನಲ್ಲಿ ನೆನೆದ ಭೂಮಿ ಆ ಬೇಸಿಗೆ ಬಿಸಿಲಿಗೆ ಬಿರುಕುಬಿಟ್ಟು ಉಸಿರಾಡಿತು.

ನಮ್ಮ ಓರಗೆಯ ಗೆಳೆಯರಿಗೆ ನಾನು ಹೇಳಬಯಸುವುದು ಇಷ್ಟೇ. ಬಾಳು ನಮಗೆ ಎರಡು ಬೆಳೆಗಳ ಕರಾರನ್ನು ಬರೆದುಕೊಟ್ಟಿಲ್ಲ. ಬೆಳೆ ತಪ್ಪಿದ ವರ್ಷದಲ್ಲಿಯೂ ನೆಲ ನಮ್ಮದೇ, ಮನೆಯವರು ನಮ್ಮವರೇ, ಮಾತ್ರೆಯನ್ನು ಎರಡು ತುಂಡು ಮಾಡುವ ನೆರೆಯವರೂ ನಮ್ಮವರೇ. ಕಡಲೆಯ ಮೊದಲ ರಾಶಿಯಿಂದ ಒಂದು ಸೇರು ಆ ತಾಯಿಯ ಮನೆಗೆ ಹೋಯಿತು. ಅವರು ಅದನ್ನು ಹುರಿದು, ಅರ್ಧವನ್ನು ನಮ್ಮ ಮಗನ ಜೇಬಿಗೇ ತುಂಬಿ ಕಳುಹಿಸಿದರು.