ಹಾಡುವ ನದಿಯ ದಂಡೆಯಲ್ಲಿ ಒಂದು ಹೊಸ ಆಲ್ಬಂ

ನಮ್ಮಲ್ಲಿ ಶುಕ್ರವಾರ ಬಂತೆಂದರೆ ಹೊಸ ಸಿನಿಮಾ. ಅದೇ ಶುಕ್ರವಾರ ಹೊಸ ಹಾಡುಗಳ ಆಲ್ಬಂ ಬಿಡುಗಡೆಯ ದಿನವೂ ಹೌದು ಅಂತ ನನಗೆ ಗೊತ್ತಾಗಿದ್ದು ಅಮೆರಿಕದ ಅಲಬಾಮಾದಲ್ಲಿ, 2025ರ ಮಾರ್ಚ್‌ನಲ್ಲಿ. 2015ರ ಜುಲೈನಿಂದ ಪ್ರಪಂಚದ ಬಹುತೇಕ ಕಡೆ ಹೀಗೇ ಅಂತೆ. ಅದಕ್ಕೆ ಮುಂಚೆ ಅಮೆರಿಕದಲ್ಲಿ ಮಂಗಳವಾರ ಬಿಡುಗಡೆ ಮಾಡುತ್ತಿದ್ದರಂತೆ. ಮಂಗಳವಾರ ಯಾವ ಒಳ್ಳೆ ಕೆಲಸವನ್ನೂ ಶುರು ಮಾಡಬಾರದು ಎನ್ನುವ ಮನೆಯವಳು ನಾನು. ಇದನ್ನು ಕೇಳಿ ನಕ್ಕಿದ್ದೇ ನಕ್ಕಿದ್ದು.

ನಾವಿಬ್ಬರೂ ಆರು ತಿಂಗಳಿಗೆಂದು ಹಂಟ್ಸ್‌ವಿಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಹಂಟ್ಸ್‌ವಿಲ್ ರಾಕೆಟ್‌ಗಳ ಊರು. ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಸ್ಯಾಟರ್ನ್ ರಾಕೆಟ್ಟನ್ನು ರೂಪಿಸಿದ್ದು ಇಲ್ಲಿಯ ನಾಸಾ ಕೇಂದ್ರದಲ್ಲೇ. ಅಳಿಯಂದಿರು ಎಂಜಿನಿಯರ್. ಆದರೆ ಅವರ ಪ್ರಾಣವೆಲ್ಲ ಹಾಡಿನಲ್ಲಿ. ಹಳೇ ಗ್ರಾಮಫೋನಿನಂಥ ಪೆಟ್ಟಿಗೆ ಇಟ್ಟುಕೊಂಡು ಕಪ್ಪು ತಟ್ಟೆಗಳನ್ನು ಹಾಕಿ ಕೇಳುತ್ತಾರೆ. ಆ ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ಅಂದರು, "ಅತ್ತೆ, ನಾಳೆ ಹಾಡು ಹುಟ್ಟೋ ಊರು ತೋರಿಸ್ತೀನಿ. ನನಗೆ ಇವತ್ತು ಬಿಡುಗಡೆಯಾದ ರೆಕಾರ್ಡೂ ತಗೋಬೇಕು."

ನಾಶ್‌ವಿಲ್‌ನ ಗಣಪತಿ ದೇವಸ್ಥಾನಕ್ಕೆ ಹೋಗುವ ಆಸೆಯಲ್ಲಿದ್ದ ನಾನು ಯಜಮಾನರ ಮುಖ ನೋಡಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಹಾಡು, ಬ್ಯಾಂಡು, ಗಿಟಾರು ಎಂದರೆ ನಮ್ಮ ಮನೆಯಲ್ಲಿ ಮಾತು ನಿಂತುಹೋಗುತ್ತಿತ್ತು. ಅದಕ್ಕೆ ಕಾರಣ ನಮ್ಮ ಮಗ. ಬೆಂಗಳೂರಿನಲ್ಲಿ ಒಳ್ಳೆಯ ಕಂಪನಿಯ ಕೆಲಸ ಬಿಟ್ಟು, ಪಿಎಫ್ ಹಣ ತೆಗೆದು, ಮೂವರು ಗೆಳೆಯರ ಜೊತೆ ಆಲ್ಬಂ ಮಾಡಿದ. ಎರಡು ಲಕ್ಷ ಖರ್ಚು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದ ಅಪ್ಪ ಅವತ್ತಿನಿಂದ ಮಗನ ಜೊತೆ ಮಾತು ಬಿಟ್ಟರು. ನಾವು ಆ ಊಟಕ್ಕೆ ಕೂತ ದಿನಕ್ಕೆ ಎಂಟು ತಿಂಗಳಾಗಿತ್ತು.

ಶನಿವಾರ ಬೆಳಿಗ್ಗೆ ಪುಳಿಯೋಗರೆ, ಮೊಸರನ್ನ ಡಬ್ಬಿಗೆ ತುಂಬಿಸಿ ಹೊರಟೆವು. 72ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಒಂದೂವರೆ ಗಂಟೆಯ ದಾರಿ. ಎರಡೂ ಕಡೆ ಹತ್ತಿ ಹೊಲಗಳು. ಬಿತ್ತನೆಗೆ ಮುಂಚಿನ ದಿನಗಳಾದ್ದರಿಂದ ಬರೀ ಕೆಂಪು ಮಣ್ಣು. ತಿಪಟೂರಿನ ಕಡೆಯ ನಮ್ಮ ಊರಿನ ಹೊಲಗಳೇ ಕಣ್ಣಿಗೆ ಬಂದವು, ತೆಂಗಿನ ಮರ ಒಂದಿಲ್ಲ ಅಷ್ಟೇ.

ನಾವು ತಲುಪಿದ್ದು ಒಂದು ಊರಲ್ಲ, ಟೆನೆಸ್ಸಿ ನದಿಯ ಎರಡು ದಡದಲ್ಲಿ ಅಂಟಿಕೊಂಡಂತೆ ಇರುವ ನಾಲ್ಕು ಪುಟ್ಟ ಊರುಗಳು. ಫ್ಲಾರೆನ್ಸ್, ಶೆಫೀಲ್ಡ್, ಟಸ್ಕಂಬಿಯಾ, ಮಸಲ್ ಶೋಲ್ಸ್. ಟಸ್ಕಂಬಿಯಾ ಎಂದಾಗ ಯಜಮಾನರಿಗೂ ಕಿವಿ ನಿಮಿರಿತು. ಶಾಲೆಯಲ್ಲಿ ನಾವೆಲ್ಲ ಓದಿದ ಹೆಲೆನ್ ಕೆಲ್ಲರ್ ಹುಟ್ಟಿದ್ದು ಅಲ್ಲೇ, 1880ರಲ್ಲಿ. ಕೈಗೆ ನೀರು ಬಿಟ್ಟು 'ನೀರು' ಎಂಬ ಪದ ಕಲಿಸಿದರಲ್ಲ, ಆ ಪಂಪು ಇನ್ನೂ ಆ ಮನೆಯ ಹಿತ್ತಲಲ್ಲಿದೆ. ಕಿವಿ ಕೇಳದ ಆ ಹುಡುಗಿಯ ಊರಿನ ಪಕ್ಕದಲ್ಲೇ, ಫ್ಲಾರೆನ್ಸ್‌ನಲ್ಲಿ, 1873ರಲ್ಲಿ ಹುಟ್ಟಿದವರು ಡಬ್ಲ್ಯು.ಸಿ. ಹ್ಯಾಂಡಿ. ಬ್ಲೂಸ್ ಸಂಗೀತದ ಪಿತಾಮಹ ಎಂದೇ ಅವರಿಗೆ ಹೆಸರು. ಅವರು ಹುಟ್ಟಿದ ಮರದ ದಿಮ್ಮಿಯ ಮನೆ ಈಗ ಮ್ಯೂಸಿಯಂ.

ಯೂಚಿ ಎಂಬ ಮೂಲ ನಿವಾಸಿಗಳು ಈ ನದಿಯನ್ನು 'ಹಾಡುವ ನದಿ' ಎಂದು ಕರೆಯುತ್ತಿದ್ದರಂತೆ. ಅವರನ್ನೆಲ್ಲ ದೂರದ ಒಕ್ಲಹೋಮಾ ಕಡೆಗೆ ಅಟ್ಟಿದಾಗ ಒಬ್ಬ ಹುಡುಗಿ, ಅಲ್ಲಿಯ ನದಿಗಳು ಹಾಡುವುದಿಲ್ಲ ಅಂತ ಹೇಳಿ, ವರ್ಷಗಟ್ಟಲೆ ನಡೆದು ವಾಪಸ್ ಬಂದಳಂತೆ. ಅವಳ ವಂಶದ ಮೊಮ್ಮಗನೊಬ್ಬ, ಟಾಮ್ ಹೆಂಡ್ರಿಕ್ಸ್, ಅವಳ ನೆನಪಿಗೆ ಮೂವತ್ತು ವರ್ಷ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಉದ್ದದ ಗೋಡೆಯನ್ನೇ ಕಟ್ಟಿದರು. ಗಾರೆ ಇಲ್ಲ, ಸಿಮೆಂಟಿಲ್ಲ. ಫ್ಲಾರೆನ್ಸ್ ಹತ್ತಿರ ಅದು ಈಗಲೂ ಇದೆ. ಆದರೆ ನದಿ ಹಾಡುತ್ತಿದ್ದುದು ಕಲ್ಲುಗಳ ಮೇಲೆ ಧುಮುಕುವಾಗ. ನಮ್ಮ ಕನ್ನಂಬಾಡಿ ಕಟ್ಟುತ್ತಿದ್ದ ಕಾಲದಲ್ಲೇ ಇಲ್ಲಿಯೂ ಒಂದು ಕಟ್ಟೆ ಎದ್ದಿತು. 1924ರಲ್ಲಿ ವಿಲ್ಸನ್ ಡ್ಯಾಂ ಮುಗಿದಾಗ ಆ ಕಲ್ಲುಗಳು ನೀರಿನೊಳಗೆ ಮುಳುಗಿದವು. ನದಿ ಸುಮ್ಮನಾಯಿತು, ಹಾಡನ್ನು ಊರಿನವರು ಮುಂದುವರಿಸಿದರು ಅಂತ ನನಗೆ ಅನ್ನಿಸಿತು.

ಮೊದಲು ನೋಡಿದ್ದು ಶೆಫೀಲ್ಡ್‌ನ 3614 ಜಾಕ್ಸನ್ ಹೈವೇ. ನಮ್ಮೂರಿನ ಸೊಸೈಟಿ ಗೋಡೌನಿನಷ್ಟು ಚಿಕ್ಕ ಕಟ್ಟಡ. ಹಿಂದೆ ಅಲ್ಲಿ ಶವಪೆಟ್ಟಿಗೆ ಮಾರುತ್ತಿದ್ದರಂತೆ! 1969ರಲ್ಲಿ ಊರಿನ ನಾಲ್ವರು ವಾದ್ಯಗಾರರು ಸೇರಿ ಅದನ್ನು ರೆಕಾರ್ಡಿಂಗ್ ಸ್ಟುಡಿಯೋ ಮಾಡಿದರು. ಅದೇ ಡಿಸೆಂಬರಿನಲ್ಲಿ ಲಂಡನ್ನಿನ ರೋಲಿಂಗ್ ಸ್ಟೋನ್ಸ್ ಬಂದು ಮೂರು ದಿನದಲ್ಲಿ ಮೂರು ಹಾಡು ಮುಗಿಸಿಕೊಂಡು ಹೋದರು. ಅದರಲ್ಲಿ ಒಂದನ್ನು ಅವರ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಬರೆದು ಮುಗಿಸಿದ್ದು ಇಲ್ಲಿಯ ಬಾತ್‌ರೂಮಿನಲ್ಲಿ ಅಂತ ಹೇಳುತ್ತಾರೆ. ಆ ಬಾತ್‌ರೂಮನ್ನು ಜನ ಗರ್ಭಗುಡಿಯ ಹಾಗೆ ಇಣುಕಿ ನೋಡುತ್ತಿದ್ದರು. ನಾನೂ ಇಣುಕಿದೆ.

ಈ ನಾಲ್ವರೂ ಅದಕ್ಕೆ ಮುಂಚೆ ನುಡಿಸುತ್ತಿದ್ದುದು ರಿಕ್ ಹಾಲ್ ಎಂಬುವರ ಫೇಮ್ ಸ್ಟುಡಿಯೋದಲ್ಲಿ. ಫ್ಲಾರೆನ್ಸ್‌ನ ಒಂದು ಔಷಧಿ ಅಂಗಡಿಯ ಮಹಡಿಯಲ್ಲಿ ಶುರುವಾದದ್ದು ಅದು. 1967ರ ಜನವರಿಯಲ್ಲಿ ಅರೀಥಾ ಫ್ರಾಂಕ್ಲಿನ್ ಬಂದು ಹಾಡಿದ್ದು ಅದರ ಮಸಲ್ ಶೋಲ್ಸ್‌ನ ಕಟ್ಟಡದಲ್ಲಿ. ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುತ್ತಿದ್ದ ರಾಜ್ಯ ಅಲಬಾಮಾ. ಅಂಥ ಕಡೆ ಒಂದೇ ಕೋಣೆಯಲ್ಲಿ ಕರಿಯರು ಹಾಡಿದರು, ಬಿಳಿಯ ಹುಡುಗರು ನುಡಿಸಿದರು.

ಆಮೇಲೆ ಫ್ಲಾರೆನ್ಸ್‌ನ ಒಂದು ರೆಕಾರ್ಡ್ ಅಂಗಡಿಗೆ ಹೋದೆವು. 'ಈ ವಾರದ ಹೊಸದು' ಎಂಬ ಗೂಡಿನ ಮುಂದೆ ಅಳಿಯಂದಿರು ಮಗುವಿನ ಹಾಗೆ ನಿಂತರು. ಅವರಿಗೆ ಬೇಕಿದ್ದುದು ಜೇಸನ್ ಇಸ್ಬೆಲ್ ಅವರ 'ಫಾಕ್ಸಸ್ ಇನ್ ದ ಸ್ನೋ'. ಇಸ್ಬೆಲ್ ಇಲ್ಲೇ ಪಕ್ಕದ ಗ್ರೀನ್ ಹಿಲ್ ಎಂಬ ಹಳ್ಳಿಯವರು. ತಾತನಿಂದ ವಾದ್ಯ ಕಲಿತವರು. ಈಗ ಹೆಸರಾಂತರಾದರೂ ದೊಡ್ಡ ಕಂಪನಿಯ ಹಂಗಿಲ್ಲದೆ ತಮ್ಮದೇ ಲೇಬಲ್‌ನಲ್ಲಿ ಆಲ್ಬಂ ತರುತ್ತಾರೆ. ಈ ಹೊಸದರಲ್ಲಿ ಬ್ಯಾಂಡೇ ಇಲ್ಲ. 1940ರ ಒಂದು ಹಳೇ ಗಿಟಾರು, ಅವರ ದನಿ, ಐದು ದಿನದ ರೆಕಾರ್ಡಿಂಗ್. ಅಷ್ಟೇ.

"ಇದನ್ನ ರೂಟ್ಸ್ ಸಂಗೀತ ಅಂತಾರೆ ಅತ್ತೆ. ರೂಟ್ಸ್ ಅಂದ್ರೆ ಬೇರು. ನಮ್ಮಲ್ಲಿ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಕ್ಕೆ ಗಿಟಾರ್ ಕೂಡಿಸಿದ್ರಲ್ಲ, ಹಾಗೆ ಅಂದ್ಕೊಳ್ಳಿ."

ಬೆಲೆ ನೋಡಿದೆ. ಮೂವತ್ತು ಡಾಲರ್ ಹತ್ತಿರ. ಎರಡೂವರೆ ಸಾವಿರ ರೂಪಾಯಿ! "ಫೋನಿನಲ್ಲಿ ಪುಕ್ಕಟೆ ಬರೋದಿಲ್ವಾ?" ಅಂದೆ.

"ಬರುತ್ತೆ. ಆದ್ರೆ ಹಾಡಿದವರಿಗೆ ಏನೂ ಸಿಗಲ್ಲ ಅನ್ನಿ. ಸ್ಪಾಟಿಫೈನಲ್ಲಿ ಒಂದು ಹಾಡನ್ನ ವರ್ಷಕ್ಕೆ ಸಾವಿರ ಸಲವಾದ್ರೂ ಜನ ಕೇಳದಿದ್ರೆ ಒಂದು ಕಾಸೂ ಇಲ್ಲ. 2024ರಿಂದ ಈ ನಿಯಮ. ಚಿಕ್ಕಪುಟ್ಟ ಬ್ಯಾಂಡುಗಳು ಉಳಿಯೋದು ಹೀಗೆ ತಟ್ಟೆ ಕೊಂಡು, ಕಛೇರಿಗೆ ಟಿಕೆಟ್ ತಗೊಳ್ಳೋ ಜನರಿಂದ."

ನನಗೆ ಎದೆ ಚುಚ್ಚಿದಂತಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅಲ್ಲೇ ಪಕ್ಕದಲ್ಲಿ ಫೆಬ್ರುವರಿಯಲ್ಲಷ್ಟೇ ಬಂದಿದ್ದ ಪ್ಯಾಟರ್ಸನ್ ಹುಡ್ ಅವರ ಆಲ್ಬಮ್ಮೂ ಇತ್ತು. ಆ ಶವಪೆಟ್ಟಿಗೆ ಕಟ್ಟಡದ ನಾಲ್ವರಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಡೇವಿಡ್ ಹುಡ್ ಅವರ ಮಗ ಇವರು. ಇವರ ಬ್ಯಾಂಡ್ 'ಡ್ರೈವ್-ಬೈ ಟ್ರಕರ್ಸ್'. ಇಸ್ಬೆಲ್ ಕೂಡ ಮೊದಲು ಆ ಬ್ಯಾಂಡಿನಲ್ಲೇ ಇದ್ದವರು. ಅವರ 'ಸದರ್ನ್ ರಾಕ್ ಆಪೆರಾ' 2001ರಲ್ಲಿ ಬಂದಾಗ ಹಿಂದೆ ದೊಡ್ಡ ಕಂಪನಿ ಇರಲಿಲ್ಲ. ಸ್ನೇಹಿತರು, ಅಭಿಮಾನಿಗಳಿಗೆ ಪತ್ರ ಬರೆದುಕೊಟ್ಟು ಬಡ್ಡಿಗೆ ಸಾಲ ಎತ್ತಿದ್ದರು.

ಬಡ್ಡಿ ಎಂದದ್ದೇ ತಡ, ದೂರ ನಿಂತಿದ್ದ ಯಜಮಾನರು ಹತ್ತಿರ ಬಂದರು. "ಬಡ್ಡಿ ಎಷ್ಟು?"

"ಶೇಕಡಾ 15 ಮಾವ."

"ಹದಿನೈದಾ? ನಮ್ಮಲ್ಲಿ ಪರ್ಸನಲ್ ಲೋನೇ ಅದಕ್ಕಿಂತ ಕಡಿಮೆಗೆ ಸಿಗುತ್ತಲ್ರೀ!" ಅಂದವರು ಆ ತಟ್ಟೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪನೂ ಇದೇ ಕೆಲಸ ಮಾಡ್ತಿದ್ದರಲ್ಲ, ಅದಕ್ಕೆ ಮಗನಿಗೆ ಸುಲಭ" ಅಂತ ತಮಗೆ ತಾವೇ ಹೇಳಿಕೊಂಡು ವಾಪಸ್ ಇಟ್ಟರು.

ಊರಿನವರದೇ ಲೇಬಲ್‌ನಿಂದ ಬಂದ ರೆಕಾರ್ಡುಗಳೂ ಅಂಗಡಿಯಲ್ಲಿದ್ದವು. 2013ರಲ್ಲಿ ಫ್ಲಾರೆನ್ಸ್‌ನ ಮೂವರು ಸೇರಿ ಶುರು ಮಾಡಿದ ಸಿಂಗಲ್ ಲಾಕ್ ಅದು. ಅವರು ಹೊರತಂದ ಸೆಡ್ರಿಕ್ ಬರ್ನ್‌ಸೈಡ್ ಅವರ 'ಐ ಬಿ ಟ್ರೈಯಿಂಗ್' ಎಂಬ ಬ್ಲೂಸ್ ಆಲ್ಬಮ್ಮಿಗೆ 2022ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಸೆಡ್ರಿಕ್ ಕಲಿತದ್ದು ಮಿಸಿಸಿಪ್ಪಿಯ ದೊಡ್ಡ ಬ್ಲೂಸ್ ಗಾಯಕರಾಗಿದ್ದ ತಮ್ಮ ತಾತ ಆರ್.ಎಲ್. ಬರ್ನ್‌ಸೈಡ್ ಅವರ ಹತ್ತಿರ. ಎಲ್ಲಿ ಕೈ ಇಟ್ಟರೂ ತಾತ, ಅಪ್ಪ, ಮೊಮ್ಮಗ. ಬೇರು ಅಂದರೆ ಇದೇ ಇರಬೇಕು.

ಮಧ್ಯಾಹ್ನ ಎರಡು ಗಂಟೆಗೆ ನದಿ ದಡದ ಪಾರ್ಕಿನಲ್ಲಿ ಬುತ್ತಿ ಬಿಚ್ಚಿದೆವು. ಮಗಳು, ಅಳಿಯಂದಿರು ಮೊಮ್ಮಗಳನ್ನು ಆಡಿಸಲು ಆಚೆ ಹೋದರು. ನಾನು ಫೋನ್ ತೆಗೆದೆ. ಎದೆ ಚುಚ್ಚಿತು ಅಂದೆನಲ್ಲ, ಅದಕ್ಕೆ ಕಾರಣ ಹೇಳಿಬಿಡುತ್ತೇನೆ. ದೀಪಾವಳಿಯ ದಿನ ಮಗ ತನ್ನ ಆಲ್ಬಮ್ಮಿನ ಲಿಂಕ್ ಕಳಿಸಿ, 'ಅಮ್ಮ, ಕೇಳಿ ಹೇಳು' ಅಂತ ಬರೆದಿದ್ದ. ನಾನು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗಿದ್ದೆ. ಅಪ್ಪನಿಗೆ ಬೇಜಾರಾಗುತ್ತೆ ಅಂತಲೋ, ಅಡುಗೆಮನೆ ಕೆಲಸ ಅಂತಲೋ, ಕೇಳಿರಲೇ ಇಲ್ಲ. ನಿಸಾರ್ ಅಹಮದರ 'ನಿತ್ಯೋತ್ಸವ' ಧ್ವನಿಸುರುಳಿಯನ್ನು ಟೇಪು ಸವೆಯುವ ತನಕ ಕೇಳಿದವಳು ನಾನು. ಹೆತ್ತ ಮಗನ ಒಂದು ಹಾಡು ಕೇಳಲು ನಾಲ್ಕು ತಿಂಗಳು ಪುರಸೊತ್ತಾಗಿರಲಿಲ್ಲ. ಮೊದಲ ಹಾಡಿನ ಪಕ್ಕದಲ್ಲಿ, ಎಷ್ಟು ಸಲ ಕೇಳಿದ್ದಾರೆ ಎಂಬ ಲೆಕ್ಕ ಇತ್ತು: 412. ಸಾವಿರ ಎಲ್ಲಿ, ನಾನೂರ ಹನ್ನೆರಡು ಎಲ್ಲಿ. ಆ ನಾನೂರ ಹನ್ನೆರಡರಲ್ಲಿ ಅವನ ಅಮ್ಮ ಇರಲಿಲ್ಲ.

ದನಿ ಜೋರಾಗಿಯೇ ಇಟ್ಟೆ. ಯಜಮಾನರು ಮೊಸರನ್ನ ತಿನ್ನುತ್ತಾ ನದಿ ನೋಡುತ್ತಿದ್ದರು. ಮೊದಲೆರಡು ಹಾಡು ನನಗೆ ಅಷ್ಟು ಅರ್ಥವಾಗಲಿಲ್ಲ, ಗದ್ದಲ ಜಾಸ್ತಿ. ಮೂರನೆಯದು ಶುರುವಾದಾಗ ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು. ಅದು ನಮ್ಮತ್ತೆಯ ಪದ. ಊರಿನ ಮನೆಯಲ್ಲಿ ರಾಗಿ ಕಲ್ಲಿನ ಮುಂದೆ ಕೂತು ನಸುಕಿನಲ್ಲಿ ಅವರು ಹೇಳಿಕೊಳ್ಳುತ್ತಿದ್ದ ಬೀಸುವ ಪದ. ಅವರು ಹೋಗಿ ಒಂಬತ್ತು ವರ್ಷವಾಯಿತು. ಈ ಹುಡುಗ ಯಾವಾಗ ಕಲಿತನೋ!

ಹಾಡು ಮುಗಿಯಿತು. ಯಜಮಾನರು ಕೈ ತೊಳೆದುಕೊಂಡು ಬಂದು, "ಇನ್ನೊಂದು ಸಲ ಹಾಕು" ಅಂದರು. ಮತ್ತೆ ಕೇಳಿದ ಮೇಲೆ, "ಅವನಿಗೆ ಫೋನ್ ಮಾಡು" ಅಂದರು.

"ಅಲ್ಲಿ ರಾತ್ರಿ ಒಂದೂವರೆ ರೀ!"

"ಎದ್ದಿರ್ತಾನೆ, ಮಾಡು."

ಎದ್ದೇ ಇದ್ದ. ಎಂಟು ತಿಂಗಳ ಮೇಲೆ ಅಪ್ಪ ಮಗನಿಗೆ ಆಡಿದ ಮೊದಲ ಮಾತು ಇದು: "ಲೋ, ಅದು ಬೀಸೋ ಪದ ಕಣೋ. ಕುಟ್ಟೋ ಪದದ ಥರ ಯಾಕೆ ಡ್ರಮ್ ಹೊಡೆಸಿದೀಯ? ಕುಟ್ಟುವಾಗ ಒನಕೆ ಬೀಳುತ್ತೆ, ಏಟು ಬೇಕು. ಬೀಸುವಾಗ ಕಲ್ಲು ನಿಲ್ಲೋದೇ ಇಲ್ಲ, ಸುತ್ತುತ್ತಾನೇ ಇರಬೇಕು. ನಿಮ್ಮಜ್ಜಿ ಉಸಿರು ಎಲ್ಲಿ ತಗೊಳ್ತಿದ್ರು ಗೊತ್ತಾ?" ಅಂತ ಕೈಯಲ್ಲಿ ಬೀಸುವ ಕಲ್ಲು ತಿರುಗಿಸಿ ತೋರಿಸಿದರು, ಫೋನಿನಲ್ಲಿ ಕಾಣುವುದಿಲ್ಲ ಅನ್ನುವುದೂ ಮರೆತು. ಇಪ್ಪತ್ತು ನಿಮಿಷ ಅದೇ ಮಾತು. ಕೆಲಸದ ವಿಷಯ, ದುಡ್ಡಿನ ವಿಷಯ ಇಬ್ಬರೂ ಎತ್ತಲಿಲ್ಲ.

ಕೊನೆಗೆ ಫೋನ್ ನನ್ನ ಕೈಗೆ ಬಂತು. "ಅಮ್ಮ, ನಿನಗೂ ಡ್ರಮ್ ಜಾಸ್ತಿ ಅನ್ನಿಸ್ತಾ? ದೀಪಾವಳೀಲಿ ಹೇಳಲೇ ಇಲ್ಲ ನೀನು" ಅಂದ.

ಸುಳ್ಳು ಹೇಳಬಹುದಿತ್ತು. "ಇವತ್ತು ಕೇಳಿದೆ ಕಣೋ ಮಗಾ, ಇವತ್ತೇ ಮೊದಲು" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸರಿ ಬಿಡಮ್ಮ, ಕೇಳಿದ್ಯಲ್ಲ" ಅಂದ.

ಅಪ್ಪನ ಸಿಟ್ಟು ಪೂರ್ತಿ ಇಳಿದಿಲ್ಲ. ಕೆಲಸ ಹುಡುಕು ಅಂತ ಈಗಲೂ ಹೇಳುತ್ತಾರೆ, ಆದರೆ ಅವನಿಗೇ ಹೇಳುತ್ತಾರೆ, ನನ್ನ ಮೂಲಕ ಅಲ್ಲ. ವಾಪಸ್ ಬಂದ ಮೇಲೆ ಮಗ ಊರಿಗೆ ಬಂದು ಆ ಪದವನ್ನು ಅಪ್ಪನ ಎದುರು ಕೂತು ತಿದ್ದಿಕೊಂಡ.

ಅಮೆರಿಕಕ್ಕೆ ಮಕ್ಕಳ ಮನೆಗೆ ಹೋಗುವ ನನ್ನಂಥವರು ನಯಾಗರಾ, ನ್ಯೂಯಾರ್ಕ್ ನೋಡಿ ಬನ್ನಿ. ಆ ಕಡೆ ಹೋದರೆ ಹಾಡುವ ನದಿಯ ಈ ನಾಲ್ಕು ಊರುಗಳನ್ನೂ ನೋಡಿ. ಎಲ್ಲಿಗೂ ಹೋಗಲಾಗದಿದ್ದರೂ ಪರವಾಗಿಲ್ಲ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಹಾಡಿನ ಲಿಂಕ್ ಕಳಿಸಿದ್ದರೆ, ಹೆಬ್ಬೆರಳು ಒತ್ತುವ ಮೊದಲು ಒಂದು ಸಲ ಪೂರ್ತಿ ಕೇಳಿಬಿಡಿ.