ಪಿಕ್ಟರ ನುಡಿಯ ಕುರುಹುಗಳು

ನುಡಿಯೊಂದನ್ನು ಆಡುವ ಜನ ಇಲ್ಲವಾದ ಮೇಲೂ ಆ ನುಡಿ ಊರುಕೇರಿಗಳ ಹೆಸರುಗಳಲ್ಲಿ ಅಡಗಿ ಉಳಿಯುವುದುಂಟು. ಸ್ಕಾಟ್ಲೆಂಡಿನ ಪೂರ್ವ ಭಾಗವನ್ನು ಹಿಂದೆ ಆಳಿದ ಪಿಕ್ಟರ ನುಡಿಯ ಗತಿ ಇಂತಹುದು. ಕ್ರಿ.ಶ. 297ರ ಲ್ಯಾಟಿನ್ ಪ್ರಶಸ್ತಿಯೊಂದರಲ್ಲಿ ಅವರ ಹೆಸರು ಮೊದಲಿಗೆ ಕಾಣುತ್ತದೆ. ಒಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅವರ ರಾಜ್ಯವು ಗೇಲಿಕ್ ನುಡಿಯ ಆಲ್ಬ ರಾಜ್ಯದಲ್ಲಿ ಲೀನವಾಯಿತು. ಅರಸರ ಪಟ್ಟಿಗಳನ್ನೂ ಓಗಮ್ ಲಿಪಿಯ ಕೆಲವು ಕಿರುಶಾಸನಗಳನ್ನೂ ಬಿಟ್ಟರೆ ಅವರ ನುಡಿಯಲ್ಲಿ ಒಂದು ಗ್ರಂಥವೂ ಉಳಿದಿಲ್ಲ. ಆ ಶಾಸನಗಳು ಅರ್ಥವಾಗದಿದ್ದುದರಿಂದ, ಕೆಲ್ಟಿಕ್ ಅಲ್ಲದ ಇನ್ನೊಂದು ನುಡಿಯೂ ಪಿಕ್ಟರಲ್ಲಿ ಇದ್ದಿತೆಂದು ಕೆನೆತ್ ಜ್ಯಾಕ್ಸನ್ 1955ರಲ್ಲಿ ಊಹಿಸಿದರು. ಕ್ಯಾಥರಿನ್ ಫೋರ್ಸೈತ್ 1997ರಲ್ಲಿ ಅದನ್ನು ಅಲ್ಲಗಳೆದರು. ಓದಲಾರದುದೆಲ್ಲ ಬೇರೆ ನುಡಿಯೇ ಆಗಬೇಕೆಂಬ ನಿಯಮವೇನೂ ಇಲ್ಲವಷ್ಟೆ!

731ರಲ್ಲಿ ತನ್ನ ಚರಿತ್ರೆಯನ್ನು ಮುಗಿಸಿದ ಬೀಡ್ ಎಂಬ ಆಂಗ್ಲ ಯತಿಯು ರೋಮನರ ಗೋಡೆಯ ಪೂರ್ವದ ತುದಿಯಲ್ಲಿದ್ದ ಊರೊಂದನ್ನು ಹೇಳುತ್ತಾನೆ. ಪಿಕ್ಟರಿಗೆ ಅದು ಪೆನ್‌ಫಾಹೆಲ್, ಆಂಗ್ಲರಿಗೆ ಪೆನ್ನೆಲ್ತುನ್. ಇಂದು ಅದರ ಹೆಸರು ಕಿನ್ನೀಲ್. ‘ಪೆನ್’ ಎಂದರೆ ತಲೆ; ವೆಲ್ಷ್ ನುಡಿಯಲ್ಲಿಯೂ ಹಾಗೆಯೇ. ಅದಕ್ಕೆ ಗೇಲಿಕ್‌ನಲ್ಲಿ ‘ಕೆನ್’ ಎಂಬ ರೂಪ. ತಮಿಳಿನ ಚೆವಿಗೆ ಕನ್ನಡದ ಕಿವಿ ಹೇಗೋ, ಆ ಸೋದರ ನುಡಿಗಳಲ್ಲಿ ಪಕಾರಕ್ಕೆ ಕಕಾರ ಹಾಗೆ. ಊರು ಅಲ್ಲಿಯೇ ಇದ್ದಿತು, ಅರ್ಥವೂ ಕೆಡಲಿಲ್ಲ. ತಲೆ ಮಾತ್ರ ಬದಲಾಯಿತು. ನದೀಮುಖದ ಊರುಗಳಿಗೆ ಪಿಕ್ಟರು ಇಡುತ್ತಿದ್ದ ‘ಅಬರ್’, ಗೇಲಿಕ್‌ನವರು ಇಡುತ್ತಿದ್ದ ‘ಇನ್ವರ್’ ಎಂಬ ಪೂರ್ವಪದಗಳೂ ಇಂತಹವೇ: ಅಬರ್‌ಡೀನ್, ಇನ್ವರ್‌ನೆಸ್.

ಎಲ್ಲಕ್ಕಿಂತ ಕುತೂಹಲಕರವಾದುದು ‘ಪಿಟ್’ ಎಂಬ ಪೂರ್ವಪದ. ಫೋರ್ತ್ ಕೊಲ್ಲಿಯಿಂದ ಮೋರೆ ಕೊಲ್ಲಿಯವರೆಗಿನ ಪೂರ್ವ ಸೀಮೆಯಲ್ಲಿ ಇಂತಹ ಹೆಸರುಗಳು ಸುಮಾರು 300 ಇವೆ. ಇದರ ಮೂಲ ‘ಪೆಟ್’, ಎಂದರೆ ಪಾಲಿಗೆ ಬಂದ ಭೂಮಿ. ಇವು ಕಂಡಲ್ಲೆಲ್ಲ ಪಿಕ್ಟರ ಹಳ್ಳಿಯೆಂದು ನಕ್ಷೆಯಲ್ಲಿ ಗುರುತು ಹಾಕಿದವರುಂಟು. ಆದರೆ ಉತ್ತರಪದವನ್ನು ಬಿಡಿಸಿ ನೋಡಬೇಕು. ಪಿಟನ್‌ವೀಮ್‌ನಲ್ಲಿರುವುದು ಗುಹೆ, ಪಿಟ್‌ಮೆಡನ್‌ನಲ್ಲಿ ನಡು, ಪಿಟ್‌ಲಾಕ್ರಿಯಲ್ಲಿ ಕಲ್ಲುಗಳು. ಇವೆಲ್ಲವೂ ಗೇಲಿಕ್ ಪದಗಳು. ಹೀಗೆ ಪೂರ್ವಪದ ಪಿಕ್ಟರದು, ಉತ್ತರಪದ ಗೇಲಿಕ್‌ನದು. ವೈಯಾಕರಣರು ಅರಿಸಮಾಸವೆನ್ನುವಂತಹ ಕೂಡಿಕೆ. ಡೀರ್ ಮಠದ ಹೊತ್ತಗೆಯಲ್ಲಿ ಹನ್ನೆರಡನೆಯ ಶತಮಾನದಲ್ಲಿ ಬರೆದ ಗೇಲಿಕ್ ದಾನಪತ್ರಗಳಲ್ಲಿಯೂ ‘ಪೆಟ್’ ಸಹಜವಾಗಿಯೇ ಬಂದಿದೆ. ಆದುದರಿಂದ ಈ ಹೆಸರುಗಳಲ್ಲಿ ಅನೇಕವನ್ನು ಇಟ್ಟವರು ಪಿಕ್ಟರಲ್ಲ. ಅವರ ಹೊಲಗದ್ದೆಗಳಲ್ಲಿ ನೆಲೆಸಿ, ಭೂಮಿಯ ಪಾಲಿಗೆ ಅವರದೇ ಮಾತನ್ನು ಎರವಲು ಪಡೆದ ಗೇಲಿಕ್ ಜನ.

ಮುಂದೆ ಆ ಮಾತಿಗೇ ಒಂದು ವಿಪತ್ತು ಒದಗಿತು. ‘ಪಿಟ್’ ಎಂಬ ಧ್ವನಿಗೆ ಗೇಲಿಕ್‌ನಲ್ಲಿ ಸಭೆಯಲ್ಲಿ ಆಡಬಾರದ ಅರ್ಥವಿದೆ. ಆಲಂಕಾರಿಕರು ಹೇಳುವ ವ್ರೀಡಾಜನಕವಾದ ಅಶ್ಲೀಲದೋಷ. ಗೇಲಿಕ್ ಜನ ಅದನ್ನು ತೊರೆದು ಹಳ್ಳಿ ಎಂಬರ್ಥದ ‘ಬಾಲೆ’ಯನ್ನು ಬಳಸತೊಡಗಿದುದಕ್ಕೆ ಇದೂ ಒಂದು ಕಾರಣವೆಂದು ವಿದ್ವಾಂಸರು ಹೇಳುತ್ತಾರೆ. ಇಂದಿಗೂ ಗೇಲಿಕ್‌ನಲ್ಲಿ ಪಿಟ್‌ಲಾಕ್ರಿಯ ಹೆಸರು ‘ಬಾಲೆ’ ಎಂದೇ ಮೊದಲಾಗುತ್ತದೆ. ಆ ಮುಜುಗರವನ್ನು ಅರಿಯದ ಇಂಗ್ಲಿಷ್ ಜನರ ಬಾಯಲ್ಲಿಯೂ ರೈಲು ನಿಲ್ದಾಣದ ಫಲಕದಲ್ಲಿಯೂ ಪಿಕ್ಟರ ಮಾತು ಹಾಗೆಯೇ ಉಳಿದುಕೊಂಡಿದೆ.