ವಿಟ್ಬಿಯಿಂದ ಅಕ್ಕನಿಗೆ

ವಿಟ್ಬಿ, ಇಂಗ್ಲೆಂಡ್
ರಾತ್ರಿ ಒಂದೂವರೆ

ಪ್ರೀತಿಯ ಅಕ್ಕ,

ಇವರ ಮಂಡಿನೋವು ಕಡಿಮೆಯಾಗಿದೆ, ಗಾಬರಿ ಬೇಡ. ಊರಿಂದ ಮಠದ ಗುಡ್ಡಕ್ಕೆ 199 ಮೆಟ್ಟಿಲು. ಚಾಮುಂಡಿ ಬೆಟ್ಟ ಹತ್ತಿದವನಿಗೆ ಇದ್ಯಾವ ಲೆಕ್ಕ ಎಂದು ಹೊರಟವರು ಬೆಂಚು ಕಂಡಲ್ಲೆಲ್ಲ ಕೂತರು. ಹಿಂದೆ ಹೆಣದ ಪೆಟ್ಟಿಗೆ ಹೊತ್ತವರು ದಣಿವಾರಿಸಿಕೊಳ್ಳುತ್ತಿದ್ದ ಜಾಗವಂತೆ ಅವು. ಇವರಿಗೆ ಹೇಳಿಲ್ಲ, ನೀನೂ ಫೋನಿನಲ್ಲಿ ಬಾಯಿಬಿಡಬೇಡ.

ಮೇಲೆ ಸೂರಿಲ್ಲದ ಗೋಡೆಗಳು, ವಿಪರೀತ ಗಾಳಿ. 657ರಲ್ಲಿ ಹಿಲ್ಡ್ ಎಂಬ ಸನ್ಯಾಸಿನಿ ಮಠ ಕಟ್ಟಿದ್ದು ಇಲ್ಲೇ. ಈಗ ನಿಂತಿರುವುದು ಬಹುಪಾಲು 13ನೇ ಶತಮಾನದ ಚರ್ಚು. 1539ರಲ್ಲಿ ಎಂಟನೇ ಹೆನ್ರಿ ಮುಚ್ಚಿಸಿದ, 1830ರಲ್ಲಿ ನಡುಗೋಪುರ ಉರುಳಿತು, 1914ರಲ್ಲಿ ಜರ್ಮನ್ ಯುದ್ಧನೌಕೆಗಳ ಗುಂಡು ಬೇರೆ ಬಿತ್ತು. ಡ್ರಾಕುಲಾ ಕಾದಂಬರಿಯಲ್ಲಿ ಬರುವ ಊರೂ ಇದೇ. ಫೋಟೊ ಮಗ ಕಳಿಸುತ್ತಾನೆ.

ಭಾವನ ಪೆನ್ಶನ್ನಿನ ಲೈಫ್ ಸರ್ಟಿಫಿಕೇಟು ಕೊಟ್ಟಾಯಿತೇ?

ಊಟದ ಕತೆ ಕೇಳು. ಕೆಳಗಿಳಿಯುವಾಗ ಹೊಟ್ಟೆ ತಾಳ ಹಾಕುತ್ತಿತ್ತು. ಬಂದರಿನ ಬಳಿ ಮೀನಿನಂಗಡಿ. ನಮಗೆ ಬರೀ ಆಲೂಗಡ್ಡೆ ಚಿಪ್ಸ್ ಸಾಕೆಂದು ಇವರು ಸಾಲಿಗೆ ನಿಂತರು. ಮುಂದಿದ್ದ ಕೋಲಿನ ಅಜ್ಜಿ ಹಿಂತಿರುಗಿ, "ನೀವು ದನದ ಮಾಂಸ ತಿನ್ನುತ್ತೀರಾ?" ಎಂದು ಕೇಳಿಬಿಟ್ಟರು. ಇವರ ಮುಖ ನೋಡಬೇಕಿತ್ತು! ಯಾರ್ಕ್‌ಷೈರ್ ಕಡೆಯ ಎಷ್ಟೋ ಅಂಗಡಿಗಳಲ್ಲಿ ಮೀನು, ಆಲೂಗಡ್ಡೆ ಎರಡನ್ನೂ ಕರಿಯುವುದು ದನದ ಕೊಬ್ಬಿನಲ್ಲೇ. ಅಜ್ಜಿಯ ನೆರೆಮನೆಯವರು ಗುಜರಾತಿಗಳು, ಅದಕ್ಕೇ ಅನುಮಾನ ಬಂದಿದೆ. ತಮ್ಮ ಸರದಿ ಬಿಟ್ಟು, ಕೋಲೂರಿಕೊಂಡು ಟೀ ಅಂಗಡಿಯೊಂದಕ್ಕೆ ಕರೆದೊಯ್ದು ಚೀಸ್ ಸ್ಕೋನು, ಬೆಣ್ಣೆ, ಬಿಸಿ ಚಹಾ ಹೇಳಿದರು. ಇವರು ನಿನ್ನ ಚಟ್ನಿಪುಡಿ ತೆಗೆದು ಸ್ಕೋನಿನ ಮೇಲೆ ಉದುರಿಸಿಕೊಂಡಾಗ ಅಜ್ಜಿಯೂ ಕೈಯೊಡ್ಡಿದರು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಇನ್ನೊಂದು ಚಿಟಿಕೆ ಕೇಳಿ ಹಾಕಿಸಿಕೊಂಡರು.

ಅವರ ಕೊರಳಲ್ಲಿ ಸುರುಳಿ ಸುತ್ತಿದ ಕಲ್ಲಿನ ಪದಕ. ಹಿಲ್ಡ್ ಈ ಸೀಮೆಯ ಹಾವುಗಳನ್ನೆಲ್ಲ ಕಲ್ಲಾಗಿಸಿದಳೆಂದು ಇಲ್ಲಿಯ ಕತೆ. ಕಲ್ಲಿಗೆ ಹಾವಿನ ತಲೆ ಕೆತ್ತಿ ಮಾರುವವರೂ ಇದ್ದರಂತೆ. ಇವರು ತಿರುಗಿಸಿ ನೋಡಿ, "ಸಾಲಿಗ್ರಾಮ ಕಣೇ ಇದು!" ಎಂದರು. ತಮಾಷೆಯಲ್ಲ, ಗಂಡಕಿಯ ಚಕ್ರದ ಸಾಲಿಗ್ರಾಮವೂ ಇದೂ ಅಮೋನೈಟ್ ಎಂಬ ಕಡಲಜೀವಿಯ ಪಳೆಯುಳಿಕೆಯೇ.

ಅಂದಹಾಗೆ, ದೇವರಮನೆಯ ಬೀಗದಕೈ ಎದುರುಮನೆಯಲ್ಲಿದೆ. ಶನಿವಾರ ದೀಪ ಹಚ್ಚುವಾಗ ತುಳಸಿಗೂ ನೀರು ಹಾಕಿಬಿಡು. ಹಾಲಿನವನ ಬಾಕಿ ಫ್ರಿಜ್ ಮೇಲಿನ ಡಬ್ಬಿಯಲ್ಲಿದೆ, ಅವನು ಜಾಸ್ತಿ ಕೇಳಿದರೆ... ಇರು, ಲೈಟು ಆರಿಸೆಂದು ಇವರು ಗೊಣಗುತ್ತಿದ್ದಾರೆ. ಬೆಳಿಗ್ಗೆ ಬಸ್ಸು ಸಿಕ್ಕಿದರೆ ಯಾರ್ಕಿನಿಂದ